ಕೊಯ್ತಾ ಪುಸ್ತಕ: ಒಂದು ಹಂಗಾಮಿನ ವರದಿ

ಸೆಪ್ಟೆಂಬರ್ 2024

ಹಳೆಯ ಪುಸ್ತಕಗಳ ಬೆನ್ನು ಬಿಚ್ಚಿ ಮತ್ತೆ ಹೊಲಿಯುವುದು ನನ್ನ ಹವ್ಯಾಸ. ಶಾಲೆ ಬಿಟ್ಟ ಮೇಲೆ ಸೂಜಿ, ಮೇಣ ಸವರಿದ ದಾರ, ಗೋಂದಿನ ಡಬ್ಬಿ ಹರಡಿಕೊಂಡು ಕೂರುತ್ತೇನೆ. ಈ ಸಲದ ಕೆಲಸಕ್ಕೆ ಕಾರಣ ಒಬ್ಬ ಹಳೆಯ ವಿದ್ಯಾರ್ಥಿ. ವಿಜಯಪುರ ಜಿಲ್ಲೆಯ ನಮ್ಮ ಶಾಲೆಯ ಪಕ್ಕದ ತಾಂಡಾದವನು, ದೀಪಾವಳಿ ಮುಗಿದೊಡನೆ ಅಪ್ಪ ಅಮ್ಮನ ಜೊತೆ ಸಾಂಗ್ಲಿ ಕಡೆ ಕಬ್ಬು ಕಡಿಯಲು ಹೋಗುವವನು. "ಮಾಸ್ತರೇ, ಹೋದ ವರ್ಷ ನಾವು ಎಷ್ಟು ಟನ್ ಕಡಿದೆವು ಎಂಬುದು ಮುಕಾದಮನಿಗೆ ಮಾತ್ರ ಗೊತ್ತು. ಬಾಕಿ ಇದೆ ಎಂದ, ಇದೆ ಎಂದು ನಂಬಿದೆವು" ಎಂದ. ಮುಂಗಡ ಕೊಟ್ಟು ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರನೇ ಮುಕಾದಮ.

ಅವನ ಮಾತು ಕೇಳಿದ ಮೇಲೆ ಕಾಯ್ದೆ ಹುಡುಕಿ ಓದಿದೆ. ಆಗ ಜಾರಿಯಲ್ಲಿದ್ದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರದು. ಐದು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಬೇರೆ ರಾಜ್ಯಕ್ಕೆ ಕರೆದೊಯ್ಯುವ ಗುತ್ತಿಗೆದಾರ ಪ್ರತಿಯೊಬ್ಬರಿಗೂ ಭಾವಚಿತ್ರ ಅಂಟಿಸಿದ ಪಾಸ್‌ಬುಕ್ ಕೊಡಬೇಕಿತ್ತು. ಕೂಲಿಯ ದರ, ಕೊಟ್ಟದ್ದು, ಮುರಿದುಕೊಂಡದ್ದು ಎಲ್ಲವೂ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕಿತ್ತು. ಹೋಗಿ ಬರುವ ಪ್ರಯಾಣದ ಖರ್ಚೂ ಗುತ್ತಿಗೆದಾರನದೇ ಆಗಿತ್ತು. ನಲವತ್ತೈದು ವರ್ಷಗಳಲ್ಲಿ ಅಂಥ ಪುಸ್ತಕವನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದೀರಾ ಎಂದು ತಾಂಡಾದಲ್ಲಿ ಕೇಳಿದೆ. ಬ್ಯಾಂಕಿನ ಪಾಸ್‌ಬುಕ್ ತಂದು ತೋರಿಸಿದರು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಐದು ಹತ್ತಾಗಿದೆ, ಊರು ಬಿಟ್ಟು ಹೋಗುವುದಕ್ಕೆಂದು ಇದ್ದ ಭತ್ಯೆಯೂ ಕಾಣೆಯಾಗಿದೆ.

ಅವರು ಕೊಡದಿದ್ದರೆ ನಾವೇ ಹೊಲಿಯೋಣ ಎಂದು ತೀರ್ಮಾನವಾಯಿತು.

ಅಕ್ಟೋಬರ್ 2024

ಮೊದಲ ಆವೃತ್ತಿ ಪೂರ್ತಿ ವಿಫಲ. ಶಾಲೆಯ ನೋಟ್‌ಬುಕ್ ಅಳತೆ, ಹನ್ನೊಂದು ಕಂಬಸಾಲು, ಚೆಂದದ ಬಟ್ಟೆಯ ರಟ್ಟು. ನನ್ನ ಕೈಚಳಕ ತೋರಿಸಲು ಮಾಡಿದ್ದೇ ಹೊರತು ಕಬ್ಬಿನ ಗದ್ದೆಗಲ್ಲ. ತಾಂಡಾದ ಹುಡುಗರು ಅದನ್ನು ಒಂದು ರಾತ್ರಿ ಮಂಜಿನಲ್ಲಿ ಹೊರಗಿಟ್ಟು ಬೆಳಿಗ್ಗೆ ತಂದುಕೊಟ್ಟರು. ಪರೀಕ್ಷೆಯ ಫಲಿತಾಂಶ ಹೇಳಬೇಕಾಗಿಯೇ ಇರಲಿಲ್ಲ.

ಎರಡನೆಯದು ಅಂಗೈ ಅಗಲ, ಸೊಂಟದ ಚೀಲದಲ್ಲಿ ಹಿಡಿಯುವಂಥದು. ಹೊದಿಕೆಗೆ ಯೂರಿಯಾ ಚೀಲ ಕತ್ತರಿಸಿದೆವು. ನೀರು ಇಳಿಯುವುದಿಲ್ಲ, ಹರಿಯುವುದೂ ಇಲ್ಲ, ಖರ್ಚೂ ಇಲ್ಲ. ಕಬ್ಬಿನ ಹಾಲು ತಾಗಿದರೆ ಶಾಯಿ ಕಲೆಸಿಹೋಗುತ್ತದೆ, ಆದ್ದರಿಂದ ದಾರಕ್ಕೆ ಕಟ್ಟಿದ ಪೆನ್ಸಿಲ್ ತುಂಡು. ಸಾಲುಗಳು ನಾಲ್ಕೇ: ದಿನ, ಟನ್, ಕೈಗೆ ಬಂದ ಹಣ, ಖಾಡಾ. ಖಾಡಾ ಎಂದರೆ ಕೆಲಸಕ್ಕೆ ಹೋಗದ ದಿನ. ಅಂದಿನ ಕೂಲಿಯೂ ಇಲ್ಲ, ಮೇಲೆ ದಂಡ ಬೇರೆ. ಓದು ಬಾರದವರಿಗಾಗಿ ಪ್ರತಿ ಸಾಲಿನ ತಲೆಗೆ ಒಂದು ಚಿತ್ರ.

ಲೆಕ್ಕ ಬರೆಯುವ ಕೆಲಸಕ್ಕೆ ನಾಲ್ವರು ಹುಡುಗರು, ಇಬ್ಬರು ಹುಡುಗಿಯರು ಸಿಕ್ಕರು. ಅವರಲ್ಲಿ ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗಿ ಮೊದಲ ಪುಟ ನೋಡಿ, "ಇದರಲ್ಲಿ ಅವ್ವನ ಹೆಸರು ಎಲ್ಲಿದೆ?" ಎಂದಳು. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂಬುದು ಅಲ್ಲಿನ ಲೆಕ್ಕ. ಒಬ್ಬರೇ ಹೋದರೆ ಅರ್ಧ ಕೊಯ್ತಾ. ಮುಂಗಡ ಪಡೆಯುವವನು ಗಂಡ, ಹೆಬ್ಬೆಟ್ಟು ಅವನದು, ವಹಿಯಲ್ಲಿ ಹೆಸರೂ ಅವನದೇ. ಅವನು ಕಡಿದದ್ದನ್ನು ಸವರಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಹಲಗೆ ಏರಿ ಟ್ರೇಲರಿಗೆ ತುಂಬುವವಳು ಅರ್ಧ ಕೊಯ್ತಾ ಆಗಿಯೇ ಉಳಿಯುತ್ತಾಳೆ. ಇಪ್ಪತ್ತು ವರ್ಷ ಈ ತಾಂಡಾದ ಮಕ್ಕಳಿಗೆ ಗಣಿತ ಕಲಿಸಿದ ನನಗೆ ಈ ಭಿನ್ನರಾಶಿ ಹೊಳೆದಿರಲಿಲ್ಲ. ಹದಿನಾಲ್ಕು ಪುಸ್ತಕಗಳ ಮೊದಲ ಪುಟವನ್ನೂ ಬಿಚ್ಚಿ ಎರಡು ಹೆಸರಿನ ಪುಟ ಹೊಲಿದೆವು.

ನವೆಂಬರ್ 2024

ಹೊರಡುವ ಮುನ್ನಾದಿನ ಸೇವಾಲಾಲ ಗುಡಿಯ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆವು. ಮಹಾರಾಷ್ಟ್ರದಲ್ಲಿ ಕಡಿಯುವ ದರ ಟನ್ನಿಗೆ 273 ರೂಪಾಯಿ ಇದ್ದದ್ದು 2024ರ ಜನವರಿಯ ಒಪ್ಪಂದದಲ್ಲಿ 34 ಪ್ರತಿಶತ ಏರಿ 366 ಆಯಿತು. ಜೋಡಿಗೆ ಒಂದು ಲಕ್ಷ ಮುಂಗಡ ಎಂದುಕೊಂಡರೆ ಅದು ತೀರಲು ಎಷ್ಟು ಟನ್ ಕಡಿಯಬೇಕು? ಹಳೆಯ ದರದಲ್ಲಿ 366 ಟನ್, ಹೊಸ ದರದಲ್ಲಿ 273. ಅದೇ ಎರಡು ಸಂಖ್ಯೆಗಳು ತಿರುವುಮುರುವಾಗಿ ಬಂದದ್ದು ಕಂಡು ತಪ್ಪಿದೆನೇನೋ ಎಂದು ಮತ್ತೆ ಭಾಗಿಸಿದೆ. ಸರಿಯಾಗಿಯೇ ಇತ್ತು. ದಿನಕ್ಕೆ ಎರಡು ಟನ್ ಎಂದರೂ 137 ದಿನ, ಒಂದು ಖಾಡಾ ಕೂಡ ಇಲ್ಲದೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು, "ಇದನ್ನು ಹಣ ಎಣಿಸಿಕೊಳ್ಳುವ ಮೊದಲೇ ಹೇಳಬೇಕಿತ್ತು" ಎಂದರು. ನಿಜ. ಮುಂಗಡ ಕೈಸೇರುವುದು ಮಳೆಗಾಲದಲ್ಲಿ, ಮದುವೆಗೋ ಆಸ್ಪತ್ರೆಗೋ ಖರ್ಚಾಗಿಯೂ ಹೋಗಿರುತ್ತದೆ. ಮುಂದಿನ ವರ್ಷ ಈ ಪಾಠ ಜೂನ್‌ನಲ್ಲಿ ನಡೆಯಬೇಕು ಎಂದು ಬರೆದುಕೊಂಡೆ.

ಹದಿನಾಲ್ಕರಲ್ಲಿ ಒಂಬತ್ತು ಪುಸ್ತಕ ಹೊರಟವು. ಐವರು ಮುಕಾದಮನಿಗೆ ಹೆದರಿ ಬೇಡವೆಂದರು. ಒತ್ತಾಯಿಸಲಿಲ್ಲ, ಜಗಳವಾದರೆ ಅಲ್ಲಿ ಅನುಭವಿಸುವವನು ನಾನಲ್ಲ.

ಜನವರಿ 2025

ತೂಕದ ಚೀಟಿಯೇ ದೊಡ್ಡ ತೊಡಕು. ಕಾರ್ಖಾನೆಯ ಕಾಟಾದಲ್ಲಿ ಟ್ರ್ಯಾಕ್ಟರ್ ತೂಗಿದಾಗ ಚೀಟಿ ಚಾಲಕನ ಕೈ ಸೇರುತ್ತದೆ. ಕಡಿದವರು ಆಗ ಗದ್ದೆಯಲ್ಲಿರುತ್ತಾರೆ. ಅಂದಾಜಿನ ಟನ್ ಬರೆದರೆ ಪುಸ್ತಕಕ್ಕೆ ಬೆಲೆಯಿಲ್ಲ. ದಾರಿ ಹುಡುಕಿದವನು ನನ್ನ ಹಳೆಯ ವಿದ್ಯಾರ್ಥಿಯೇ: ಚಾಲಕನ ಜೊತೆ ಗೆಳೆತನ ಬೆಳೆಸಿ ಪ್ರತಿ ಚೀಟಿಯ ಫೋಟೊ ಮೊಬೈಲಿಗೆ ತರಿಸಿಕೊಳ್ಳತೊಡಗಿದ. ಗೆಳೆತನಕ್ಕೆ ದಿನಕ್ಕೊಂದು ಗುಟ್ಕಾ ಪೊಟ್ಟಣದ ಖರ್ಚು. ಮಾಸ್ತರನಾಗಿ ಇದನ್ನು ಮೆಚ್ಚುವಂತಿಲ್ಲ, ಬಯ್ಯಲೂ ಆಗಲಿಲ್ಲ.

ಮಾರ್ಚ್ 2025

ಹಂಗಾಮು ಬೇಗ ಮುಗಿಯಿತು. ಹೋಳಿ ಹಬ್ಬಕ್ಕೆ ಮೊದಲೇ ಎಲ್ಲರೂ ಊರು ಸೇರಿದ್ದರಿಂದ ಈ ವರ್ಷ ಲೇಂಗಿ ಹಾಡು ಜೋರಾಗಿತ್ತು. ಆದರೆ ಗದ್ದೆಯಲ್ಲಿ ದಿನ ಕಡಿಮೆಯಾದರೆ ಬಾಕಿ ಹೆಚ್ಚುತ್ತದೆ, ಆ ಬಾಕಿ ಮುಂದಿನ ವರ್ಷ ಅದೇ ಮುಕಾದಮನ ಟ್ರೇಲರ್ ಹತ್ತಿಸುತ್ತದೆ. ಸಾಲ ತೀರುವವರೆಗೆ ಬೇರೆಡೆ ದುಡಿಯುವ ಸ್ವಾತಂತ್ರ್ಯ ಇಲ್ಲದಿದ್ದರೆ ಅದು ಜೀತ. 1976ರ ಕಾಯ್ದೆ ಅದನ್ನು ರದ್ದುಮಾಡಿದೆ. ಹುಡುಗರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ. ಜೀತವೆಂದರೆ ಗೌಡರ ಮನೆಯ ದನ ಕಾಯುವುದು ಎಂಬುದು ಅವರ ತಿಳಿವಳಿಕೆ.

ಒಂಬತ್ತರಲ್ಲಿ ಆರು ಪುಸ್ತಕ ಮರಳಿದವು. ಒಂದು ಒಲೆಗೆ ಬಿದ್ದಿತ್ತು, ಇನ್ನೊಂದರಲ್ಲಿ ಮಗು ಎತ್ತು ಬಿಡಿಸಿತ್ತು, ಮೂರನೆಯದು ಎಲ್ಲಿ ಹೋಯಿತೋ. ಬಂದ ಆರರಲ್ಲಿ ಪೂರ್ತಿ ತುಂಬಿದ್ದು ಮೂರು.

ಏಪ್ರಿಲ್ 2025

ಲೆಕ್ಕ ಚುಕ್ತಾ ಮಾಡುವ ದಿನ ಒಂದು ಜೋಡಿಯ ಪುಸ್ತಕದಲ್ಲಿ 198 ಟನ್ ಇತ್ತು, ಮುಕಾದಮನ ವಹಿಯಲ್ಲಿ 187. ಹನ್ನೊಂದು ಟನ್ ಎಂದರೆ 4,026 ರೂಪಾಯಿ. ಪಿಯುಸಿ ಹುಡುಗಿ ಎದುರಿಗೆ ಕೂತು ದಿನ ದಿನಕ್ಕೆ ಚೀಟಿಯ ಫೋಟೊ ತೋರಿಸಿದಳು. ಫೋಟೊ ಇದ್ದ ಏಳು ಟನ್ ಒಪ್ಪಿದ, ಇಲ್ಲದ ನಾಲ್ಕನ್ನು ಒಪ್ಪಲಿಲ್ಲ. ಅವಳ ಅವ್ವ ಮೊದಲ ಪುಟದ ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದಳು.

ಮೂರನೆಯ ಆವೃತ್ತಿಗೆ ಚೀಟಿ ಇಡಲು ಒಳಜೇಬು ಹೊಲಿಯುತ್ತಿದ್ದೇನೆ. ಜೂನ್‌ಗೆ ಮೂವತ್ತು ಪುಸ್ತಕ ಬೇಕು. ಬೇಡಿಕೆ ಮೂವತ್ತೊಂದಾಗಿದೆ: ಮೊನ್ನೆ ಸಂಜೆ ಮುಕಾದಮನೇ ಬಂದು, ಕಾರ್ಖಾನೆಯವರ ಲೆಕ್ಕ ಬರೆದಿಟ್ಟುಕೊಳ್ಳಲು ತನಗೂ ಒಂದು ಹೊಲಿದುಕೊಡಿ ಎಂದು ಕೇಳಿದ. ಕೊಡಬೇಕೋ ಬೇಡವೋ ಎಂದು ಹುಡುಗರು ಇನ್ನೂ ವಾದಿಸುತ್ತಿದ್ದಾರೆ. ನಾನು ಹೊದಿಕೆ ಮಾತ್ರ ಕತ್ತರಿಸಿಟ್ಟಿದ್ದೇನೆ.