ಬಣ್ಣಕ್ಕೂ ಮೊದಲಿನ ಥಂಕಾ

ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ಜಿಲ್ಲೆ ಮೈಸೂರಿನದು. ಆದರೆ ಅಲ್ಲಿನ ಟಿಬೆಟನ್ನರ ನೆಲೆಯಾದ ಬೈಲಕುಪ್ಪೆಯವರ ಸಂತೆ, ಬಸ್ಸು ಎಲ್ಲ ಈಚೆ ದಡದ್ದೇ. ಅಲ್ಲಿ ಥಂಕಾ, ಅಂದರೆ ಬಟ್ಟೆಯ ಮೇಲಿನ ಬೌದ್ಧ ಚಿತ್ರ, ಬರೆಯುವವರ ಪಕ್ಕ ಒಂದು ದಿನ ಕೂರುವುದಾದರೆ ಬಟ್ಟೆ ಬಿಗಿಯುವ ದಿನವೇ ಹೋಗಬೇಕು. ಚಿನ್ನದ ಗೆರೆ ನೋಡಲು ಎಲ್ಲರೂ ಬರುತ್ತಾರೆ. ಚಿತ್ರದ ಆಯುಸ್ಸು ತೀರ್ಮಾನವಾಗುವುದು ಅದಕ್ಕೂ ಬಹಳ ಮೊದಲೇ.

ಬೆಳಿಗ್ಗೆ ಹತ್ತಿ ಬಟ್ಟೆಯ ನಾಲ್ಕೂ ಅಂಚಿಗೆ ತೆಳು ಕಡ್ಡಿ ಹೊಲಿದು, ಅದನ್ನು ದೊಡ್ಡ ಮರದ ಚೌಕಟ್ಟಿಗೆ ಹಗ್ಗದಿಂದ ಅಡ್ಡಾದಿಡ್ಡಿ ಎಳೆದು ಕಟ್ಟಿದರು. ಮೊಳೆ ಹೊಡೆಯುವುದಿಲ್ಲ, ಬಟ್ಟೆ ಸಡಿಲಾದಾಗಲೆಲ್ಲ ಹಗ್ಗ ಬಿಗಿಯಬಹುದು. ಮೊದಲು ತೆಳುವಾದ ಚರ್ಮದ ಅಂಟು ಬಳಿದು ಒಣಗಿಸಿದರು. ಆಮೇಲೆ ಸೀಮೆಸುಣ್ಣದ ಪುಡಿ ಕಲಸಿದ ಅಂಟು, ದೋಸೆ ಹಿಟ್ಟಿಗಿಂತ ತೆಳು, ಎರಡೂ ಬದಿಗೆ. ಬೆಳಕಿಗೆ ಹಿಡಿದು ಸೂಜಿತೂತು ಕಂಡರೆ ಮತ್ತೆ ಬಳಿಯುವುದು. ಒಣಗಿದ ಮೇಲೆ ಹಿಂಬದಿಗೆ ಹಲಗೆ ಕೊಟ್ಟು, ಕೊಂಚ ನೀರು ತಾಕಿಸಿ ನುಣುಪು ಕಲ್ಲಿನಿಂದ ಉಜ್ಜುವುದು, ನೇಯ್ಗೆಯ ಎಳೆ ಕಾಣದಾಗುವವರೆಗೆ.

ಕೆಡುವುದು ಇಲ್ಲೇ. ಅಂಟು ಕಡಿಮೆಯಾದರೆ ಬೆರಳಿಗೆ ಬಿಳಿ ಹತ್ತುತ್ತದೆ, ಮೇಲಿನ ಬಣ್ಣವೂ ಉದುರುತ್ತದೆ. ಹೆಚ್ಚಾದರೆ, ಅಥವಾ ಲೇಪ ದಪ್ಪವಾದರೆ, ಸುತ್ತಿಟ್ಟ ಮೊದಲ ಸಲವೇ ಬಿರುಕು. ಅಂಟನ್ನು ನೇರ ಉರಿಗಿಟ್ಟು ಕುದಿಸಿದರೆ ಅದರ ಹಿಡಿತವೇ ಹೋಗುತ್ತದೆ. ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಬೇಕು.

ಗೆರೆಗೆ ಬಟ್ಟೆಯ ಅಂಚನ್ನು ಯಾರೂ ನಂಬುವುದಿಲ್ಲ. ಮೂಲೆಯಿಂದ ಮೂಲೆಗೆ ದಾರ ಎಳೆದು ನಡುವನ್ನು ಹಿಡಿದು, ಕೈವಾರದಿಂದ ನೆಟ್ಟಗಿನ ಗೆರೆ ಸಾಧಿಸುತ್ತಾರೆ. ಅದು ಕೂದಲೆಳೆಯಷ್ಟು ವಾಲಿದರೂ ಕೊನೆಗೆ ಜರತಾರಿ ಅಂಚು ಹೊಲಿದಾಗ ಬುದ್ಧನೇ ವಾಲಿದಂತೆ ಕಾಣುತ್ತಾನೆ. ಕಾಲಚಕ್ರ ತಂತ್ರವೆಂಬ ಬೌದ್ಧ ಗ್ರಂಥದ ಲೆಕ್ಕ ಹಿಡಿದವರಿಗೆ ನಿಂತ ಬುದ್ಧನ ಎತ್ತರ 125 ಬೆರಳಳತೆ, ಮುಖ ಹನ್ನೆರಡೂವರೆ. ನಮ್ಮ ಶಿಲ್ಪಿಗಳ ಉತ್ತಮ ದಶತಾಳವೆಂಬ ಮೂರ್ತಿ ಅಳತೆ 124 ಅಂಗುಲ, ಅಂದರೆ ಅದೇ ಬೆರಳಳತೆ. ಒಂದೇ ಅಂಗುಲದ ವ್ಯತ್ಯಾಸ!

ಬಣ್ಣದಲ್ಲಿ ದೂರದ್ದು ಮೊದಲು: ಆಕಾಶ, ಬೆಟ್ಟ, ಆಮೇಲೆ ಮೂರ್ತಿ. ಕಣ್ಣು ಕಟ್ಟಕಡೆಗೆ. ಕೆಂಪಿಗೆ ಇಂಗಳೀಕವೆಂಬ ಪಾದರಸದ ಖನಿಜ, ನೀಲಿಗೆ ಅಜುರೈಟ್ ಕಲ್ಲು, ಹಳದಿಗೆ ಹಿಂದೆ ಹರಿದಳವೆಂಬ ಆರ್ಸೆನಿಕ್ ಖನಿಜ. ಹರಿದಳ ವಿಷ, ಜೊತೆಗೆ ಸೀಸ, ತಾಮ್ರದ ಬಣ್ಣಗಳೊಂದಿಗೆ ಬೆರೆಸಿದರೆ ಕಪ್ಪಾಗಬಹುದು. ಚಿನ್ನದ ವಿಷಯಕ್ಕೆ ಬಂದರೆ ದಾರಿಯೇ ಬೇರೆ. ಮೈಸೂರು ಚಿತ್ರದಲ್ಲಿ ಉಬ್ಬು ಲೇಪದ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ಗ್ರೀಕ್, ರಷ್ಯನ್ ಇಗರ್ಜಿಗಳ ಪವಿತ್ರ ಚಿತ್ರಗಳಿಗೂ ರೇಕೇ, ಆದರೆ ಮರದ ಹಲಗೆಯ ಮೇಲೆ. ಥಂಕಾ ಸುತ್ತಿಡುವ ಚಿತ್ರ, ಉಬ್ಬು ಲೇಪ ಅದಕ್ಕೆ ಒಗ್ಗದು. ಹಾಗಾಗಿ ಚಿನ್ನವನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಕುಂಚದಿಂದ ಬರೆದು, ಬೇಕಾದ ಕಡೆ ಮಾತ್ರ ನುಣುಪು ಕಲ್ಲಿನ ಮೊನೆಯಿಂದ ಉಜ್ಜಿ ಹೊಳೆಯಿಸುತ್ತಾರೆ. ಉಜ್ಜದ ಜಾಗ ಮಂಕಾಗಿಯೇ ಉಳಿಯುತ್ತದೆ. ಆ ಎರಡು ಬಗೆಯ ಹೊಳಪಿನ ಆಟವೇ ನನ್ನ ಮಟ್ಟಿಗೆ ಥಂಕಾದ ನಿಜವಾದ ಸೊಗಸು.

ಕೊಳ್ಳುವವರು ಹಿಂಬದಿ ನೋಡಿ: ಅಲ್ಲೂ ಲೇಪ ಇರಬೇಕು, ಮೂರ್ತಿಯ ನೆತ್ತಿ, ಕೊರಳು, ಎದೆಯ ಹಿಂದೆ ಓಂ, ಆಃ, ಹೂಂ ಅಕ್ಷರಗಳಿದ್ದರೆ ಇನ್ನೂ ಒಳ್ಳೆಯದು. ಅಚ್ಚು ಹಾಕಿದ ಚಿತ್ರಕ್ಕೆ ಮೇಲೆ ಚಿನ್ನದ ಬಣ್ಣ ಸವರಿ ಮಾರುವುದೂ ಉಂಟು. ಮಡಿಕೇರಿ, ಭಾಗಮಂಡಲದ ಕಡೆ ಒಯ್ಯುವವರಿಗೆ ಇನ್ನೊಂದು ಮಾತು. ಚರ್ಮದ ಅಂಟಿಗೆ ಬೂಷ್ಟು ಬೇಗ. ಮಳೆ ಬಡಿಯುವ ಗೋಡೆಗೆ ತೂಗುಹಾಕಬೇಡಿ, ಒಳಗೋಡೆಗೂ ಬೆರಳಗಲ ಗಾಳಿಸಂದು ಬಿಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕಂತೂ ಹಾಕಲೇಬೇಡಿ. ಸುತ್ತುವುದಾದರೆ ಕೆಳಗಿನ ಕೋಲಿನಿಂದ ಮೇಲಕ್ಕೆ, ಸಡಿಲವಾಗಿ, ಒಣ ಹವೆಯ ದಿನ ನೋಡಿ.