ಇಟ್ಟಿಗೆ ಸುಟ್ಟೋರೂ ಹೋದ್ರಾ?

ಶನಿವಾರ ಅಮ್ಮನ್ನ ಕರ್ಕೊಂಡು ನ್ಯಾಚೆಜ್‌ಗೆ ಹೋಗಿದ್ದೆ. ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿ ದಂಡೆ ಗುಡ್ಡದ ಮೇಲಿರೋ ಪುಟ್ಟ ಊರು, ಹತ್ತಿ ಸಾಹುಕಾರರ ಹಳೇ ಬಂಗಲೆಗಳಿಗೆ ಹೆಸರುವಾಸಿ. ಬಂದು ನಾಲ್ಕು ದಿನ ಆಯ್ತು, ಅಲ್ಲಿ ಅಮ್ಮ ಕೇಳಿದ ಒಂದು ಮಾತು ಇನ್ನೂ ತಲೆ ಬಿಟ್ಟು ಹೋಗ್ತಿಲ್ಲ.

ಬೆಳಿಗ್ಗೆ ಸ್ಟ್ಯಾಂಟನ್ ಹಾಲ್ ನೋಡಿದ್ವಿ, 1857ರದ್ದು, ದೊಡ್ಡ ಕಂಬ, ದೊಡ್ಡ ಕನ್ನಡಿ, ಚೆನ್ನಾಗಿದೆ. ಆಮೇಲೆ ಲಾಂಗ್‌ವುಡ್. ಎಂಟು ಮೂಲೆಯ ಮನೆ, ಮೇಲೆ ಈರುಳ್ಳಿ ಥರ ಗುಮ್ಮಟ. ಹ್ಯಾಲರ್ ನಟ್ ಅನ್ನೋ ಹತ್ತಿ ತೋಟದ ಧಣಿ 1860ರಲ್ಲಿ ಶುರು ಮಾಡಿಸಿದ್ದು, 32 ರೂಮಿನ ಪ್ಲಾನು. ಮರುವರ್ಷ ಸಿವಿಲ್ ವಾರ್, ಅಂದ್ರೆ ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಯುದ್ಧ ಬಂತು, ಉತ್ತರದ ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸಗಾರರು ಸಾಮಾನು ಅಲ್ಲೇ ಬಿಟ್ಟು ಊರಿಗೆ ಹೊರಟುಬಿಟ್ರು. ನೆಲಮಾಳಿಗೆಯ 9 ರೂಮು ಮಾತ್ರ ಮುಗೀತು, 1864ರಲ್ಲಿ ಧಣೀನೂ ತೀರ್ಕೊಂಡ. ಮೇಲಿನ ಅಂತಸ್ತೆಲ್ಲ ಇವತ್ತಿಗೂ ಗಾರೆ ಕಾಣದ ಇಟ್ಟಿಗೆ, ಬರೀ ತೊಲೆ.

ಅಮ್ಮ ಗೋಡೆ ಹತ್ರ ನಿಂತು ಇಟ್ಟಿಗೆ ಮೇಲೆ ಕೈಯಾಡಿಸ್ತಿದ್ಲು. ಮಾಲೂರು ಕಡೆ ನಮ್ಮ ಅಜ್ಜಂದು ಇಟ್ಟಿಗೆ ಗೂಡು ಇತ್ತು, ಮಣ್ಣು ತುಳಿಯೋದು, ಅಚ್ಚು ಹೊಡೆಯೋದು, ರಾತ್ರಿಯೆಲ್ಲ ಬೆಂಕಿ ಕಾಯೋದು ಎಲ್ಲ ನೋಡಿ ಬೆಳೆದೋಳು. ಗೈಡ್ ಅಜ್ಜಿ ಹೇಳಿದ್ದನ್ನ ಕನ್ನಡದಲ್ಲಿ ಹೇಳಿದೆ, ಕೆಲಸದೋರು ಬಿಟ್ಟು ಹೋದ್ರಂತೆ ಅಂತ. ಅಮ್ಮ ಮೆಲ್ಲಗೆ, "ಇಟ್ಟಿಗೆ ಸುಟ್ಟೋರೂ ಹೋದ್ರಾ? ಕೇಳು."

ನಾನು ಕೇಳಲಿಲ್ಲ. ಸುತ್ತ ಅಷ್ಟು ಜನ, ಎಲ್ಲರೂ ಖುಷಿಯಾಗಿ ಗುಮ್ಮಟದ ಫೋಟೋ ತೆಗೀತಿದ್ರು, ಆಮೇಲೆ ಕೇಳ್ತೀನಿ ಅಂದೆ. ಇನ್ನೊಂದ್ಸಲ ಹೇಳಿದ್ಲು, ಆಗ್ಲೂ ಸುಮ್ಮನಿದ್ದೆ. ಕೊನೆಗೆ ಅವಳೇ ಇಟ್ಟಿಗೆ ಮೇಲೆ ಅಂಗೈ ಇಟ್ಟು "ಹೂ ಮೇಡ್?" ಅಂದ್ಲು. ಗೈಡ್ ಅಜ್ಜಿ ಒಂದು ಕ್ಷಣಾನೂ ತಡವರಿಸ್ಲಿಲ್ಲ, ಗುಲಾಮರು, ಇದೇ ಜಾಗದಲ್ಲಿ ಮಾಡಿದ್ದು, ಅವರು ಎಲ್ಲಿಗೂ ಹೋಗೋ ಹಾಗಿರ್ಲಿಲ್ಲ, ನೆಲಮಾಳಿಗೆ ಮುಗಿಸಿದ್ದೂ ಅವರ ಕೈಯೇ ಅಂದ್ರು. ಆ ಅಜ್ಜಿ ಮೇಲೆ ನಂಗೆ ತುಂಬಾ ಗೌರವ ಬಂತು.

ಅಲ್ಲಿಂದ ಫೋರ್ಕ್ಸ್ ಆಫ್ ದಿ ರೋಡ್‌ಗೆ ಹೋದ್ವಿ, ಕಾರಲ್ಲಿ ಸ್ವಲ್ಪ ಹೊತ್ತು ಅಷ್ಟೇ. 1863ರವರೆಗೂ ಮನುಷ್ಯರನ್ನ ಮಾರ್ತಿದ್ದ ಜಾಗ, ಆ ಕಡೆ ನ್ಯೂ ಆರ್ಲಿಯನ್ಸ್ ಬಿಟ್ರೆ ಇದೇ ದೊಡ್ಡ ಸಂತೆಯಂತೆ. ಈಗ ಹುಲ್ಲು, ಒಂದಷ್ಟು ಬೋರ್ಡು, ನೆಲದ ಕಾಂಕ್ರೀಟಲ್ಲಿ ಹೂತಿಟ್ಟಿರೋ ಬೇಡಿಗಳು. ಬಂಗಲೆಗಳಿಗೆ ಟಿಕೆಟ್ಟು, ಕ್ಯೂ, ಇಲ್ಲಿ ನಾವಿಬ್ರೇ. ಅಮ್ಮ ಕೂತು ಒಂದು ಕೊಂಡಿ ಮುಟ್ಟಿ ನೋಡಿದ್ಲು.

ವಾಪಸ್ ಬರ್ತಾ ತುಂಬಾ ಹೊತ್ತು ಮಾತಿಲ್ಲ. ಆಮೇಲೆ ತಾನಾಗೇ ಶುರು ಮಾಡಿದ್ಲು, ಅಜ್ಜನ ಗೂಡಿಗೆ ಅಡ್ವಾನ್ಸ್ ಇಸ್ಕೊಂಡು ಗಂಡ, ಹೆಂಡ್ತಿ, ಮಕ್ಳು ಸಮೇತ ಬರ್ತಿದ್ರು, ಸಾಲ ತೀರೋವರೆಗೂ ಬಿಡ್ತಿರ್ಲಿಲ್ಲ, ಒಂದ್ಸಲ ಒಂದು ಸಂಸಾರ ರಾತ್ರೋರಾತ್ರಿ ಹೊರಟಾಗ ಬಸ್‌ಸ್ಟ್ಯಾಂಡಿಂದ ಎಳ್ಕೊಂಡು ಬಂದಿದ್ರಂತೆ. ಮೂವತ್ತೆಂಟು ವರ್ಷದಲ್ಲಿ ಈ ಮಾತು ನಾನು ಮನೇಲಿ ಕೇಳಿದ್ದೇ ಇಲ್ಲ. ಅಜ್ಜ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಗೂಡು ತೋರಿಸ್ತಿದ್ದ ಅಜ್ಜ.

"ಅವರಿಗೊಂದು ಹೆಣ್ಣುಮಗು, ನನ್ನ ವಯಸ್ಸಿಂದೇ, ಜೊತೇಲಿ ಆಡ್ತಿದ್ವಿ" ಅಂದ್ಲು. ಹೆಸರೇನಮ್ಮ ಅಂತ ಕೇಳಿದೆ. ಲಕ್ಷ್ಮಿನಾ, ಯಲ್ಲಮ್ಮನಾ ಅಂತ ಮನೆ ಸೇರೋವರೆಗೂ ನೆನಪು ಮಾಡ್ಕೋತಾನೇ ಇದ್ಲು.