ಅಹವಾಲು ಹೇಳುವ ದಿನದ ಕೂಲಿ

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಗಡಿಯಾರ ನೋಡಿ ಕೆಲಸಕ್ಕೆ ಹೋಗುವವರಲ್ಲ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅವರ ದಿನವೂ ಅದರ ಹಿಂದೆ ಸರಿಯುತ್ತದೆ. ನೀರು ಇಳಿದ ಎರಡು ಮೂರು ತಾಸಿನೊಳಗೆ ಸೊಂಟದ ಮಟ್ಟದಲ್ಲಿ ನಿಂತು, ಅಂಗಾಲಿನಿಂದ ಕೆಸರು ತಡವಿ, ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿಕೊಂಡರೆ ಆ ದಿನದ ದುಡಿಮೆ ಆಯಿತು. ಭರತ ಏರಿದ ಮೇಲೆ ಯಾರು ಬೇಡಿಕೊಂಡರೂ ಹೊಳೆ ಏನನ್ನೂ ಕೊಡುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಯೋಜನೆಯ ಬಗ್ಗೆ ಊರಿನವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆ ನಿಗದಿಯಾದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಆ ದಿನ ಇಳಿತ ಬಿದ್ದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ನಮ್ಮ ಕೇರಿಯಿಂದ ಬರುತ್ತೇವೆಂದು ಒಪ್ಪಿದ್ದವರು ಮೂವತ್ತು ಮಂದಿ, ಬಸ್ಸು ಹತ್ತಿದವರು ಐವರು. ಉಳಿದವರ ಮೇಲೆ ನನಗೆ ಬೇಸರವಿಲ್ಲ, ಅವರು ಹೊಳೆಗೆ ಹೋಗಿದ್ದರು.

ಈ ಒಂದು ಸಂಗತಿ ಅಂದಿನಿಂದ ನನ್ನನ್ನು ಕಾಡುತ್ತಿದೆ. ಪರಿಸರ ನ್ಯಾಯದ ಬಗ್ಗೆ ನಾವು ಮಾತನಾಡುವಾಗ ಮಾಲಿನ್ಯದ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳುತ್ತೇವೆ, ಕೇಳಲೇಬೇಕು. ಆದರೆ ಆ ಹೊರೆಯ ಬಗ್ಗೆ ಬಾಯಿ ಬಿಡುವುದಕ್ಕೂ ಖರ್ಚಿದೆ, ಆ ಖರ್ಚನ್ನೂ ಅದೇ ಜನ ತಮ್ಮ ಕೂಲಿಯಿಂದ ಭರಿಸುತ್ತಿದ್ದಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯೋಜನೆ ತರುವವರ ಕಡೆಯಿಂದ ಸಭೆಗೆ ಬರುವ ಎಂಜಿನಿಯರಿಗೆ, ಸಲಹೆಗಾರರಿಗೆ, ವಕೀಲರಿಗೆ ಆ ದಿನವೂ ಸಂಬಳವಿರುತ್ತದೆ. ವೇದಿಕೆಯ ಮೇಲೆ ಕೂತ ಅಧಿಕಾರಿಗಳಿಗೂ ಇರುತ್ತದೆ. ಸಭೆಯಲ್ಲಿ ಸ್ವಂತ ದುಡ್ಡು ಕಳೆದುಕೊಂಡು ಕೂತವರು ಆ ಹೊಳೆಯನ್ನೇ ನಂಬಿದವರು ಮಾತ್ರ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಇಂಥ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆಂಬ ವರದಿಯ ಪ್ರತಿ ಸ್ಥಳೀಯ ಸಂಸ್ಥೆಗಳಲ್ಲಿ ನೋಡಲು ಸಿಗಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು ಎನ್ನುತ್ತದೆ. ಸಭೆ ಆರಂಭಿಸಲು ಕನಿಷ್ಠ ಇಷ್ಟು ಜನರಿರಬೇಕೆಂಬ ಕೋರಂ ಬೇಕಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ. ಐವರೇ ಬಂದರೂ ಕಾಗದದಲ್ಲಿ ಅದು ಪೂರ್ಣ ಸಭೆ. ಸಾರಾಂಶವೇನೋ ಕನ್ನಡದಲ್ಲಿತ್ತು, ಹೂಳೆತ್ತಿದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ, ನೀರಿನ ಉಪ್ಪಿನಂಶ ಎಷ್ಟು ಬದಲಾಗುತ್ತದೆ ಎಂಬುದೆಲ್ಲ ನೂರಾರು ಪುಟಗಳ ಇಂಗ್ಲಿಷ್ ವರದಿಯೊಳಗಿತ್ತು. ಅದನ್ನು ನೋಡಲು ನಾನು ಹೋದ ಕಚೇರಿಯಲ್ಲಿ ಅಲ್ಲೇ ಕೂತು ಓದಿ ಎಂದರು, ಜೆರಾಕ್ಸ್ ಮಾಡಿಸಲು ಬಿಡಲಿಲ್ಲ. ಮೂರು ದಿನ ಹೋಗಿ ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಂಡೆ. ಸಂಜೆ ಕೇರಿಯ ಒಂದು ಜಗಲಿಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳುವಾಗ, ಅರವತ್ತು ದಾಟಿದ ಹೆಂಗಸೊಬ್ಬರು ನನ್ನನ್ನು ತಡೆದು, ‘ಮರಿ ಬಳಚು ಯಾವ ದಿಬ್ಬದಲ್ಲಿ ಕೂರುತ್ತದೆಂದು ಬರೆದಿದ್ದಾರೋ?’ ಎಂದು ಕೇಳಿದರು. ನಾನು ಬರೆದುಕೊಂಡ ಪುಟಗಳಲ್ಲಿ ಅದು ಇರಲಿಲ್ಲ. ಆ ಪ್ರಶ್ನೆ ಸಭೆಯ ನಡಾವಳಿಗೆ ಹೋಗಬೇಕಿತ್ತು. ಹೋಗಲಿಲ್ಲ, ಏಕೆಂದರೆ ಅದನ್ನು ಕೇಳಬೇಕಾದವರು ಅಂದು ನೀರಿನಲ್ಲಿದ್ದರು.

ಇಂಥ ಸಭೆಗೆ ಬರುವವರು ಕಳೆದುಕೊಳ್ಳುವ ಆ ದಿನದ ಕೂಲಿಯನ್ನು ಪಂಚಾಯಿತಿಯೇ ತುಂಬಿಕೊಡಬೇಕು ಎಂಬುದು ನನ್ನ ಮಾತು. ಇದಕ್ಕೆ ಬೇಕಾದ ಹಣ ದೊಡ್ಡದೇನಲ್ಲ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ನಲವತ್ತು ಮಂದಿಗೆ ಒಂದು ದಿನದ ಕೂಲಿಯೆಂದರೆ 14,800 ರೂಪಾಯಿ. ಅದರ ಜೊತೆಗೆ ವರದಿಯ ಮುಖ್ಯ ಅಧ್ಯಾಯಗಳ ಅನುವಾದ, ಪ್ರತಿಗಳು, ಒಂದು ಬಸ್ಸು, ನೀರಿನ ಮಾದರಿಯ ಪರೀಕ್ಷೆ, ಮಾತನಾಡಿದ್ದನ್ನು ಬರೆದುಕೊಳ್ಳಲು ಒಬ್ಬರು. ರಸ್ತೆಯ ಒಂದು ತುಂಡಿಗೆ ಕಾಂಕ್ರೀಟು ಹಾಕುವ ಹಣದಲ್ಲಿ ಇಷ್ಟೂ ನಡೆದು ಮಿಗುತ್ತದೆ.

ಬೇರೆ ಕಡೆ ಇದಕ್ಕೆ ಹತ್ತಿರದ ಉದಾಹರಣೆಗಳಿವೆ. ಅಮೆರಿಕದಲ್ಲಿ ವಿಷತ್ಯಾಜ್ಯದ ಜಾಗಗಳನ್ನು ಶುದ್ಧ ಮಾಡುವ ಸೂಪರ್‌ಫಂಡ್ ಕಾಯ್ದೆಗೆ 1986ರಲ್ಲಿ ತಿದ್ದುಪಡಿ ತಂದಾಗ, ಅಂಥ ಜಾಗದ ಪಕ್ಕದಲ್ಲಿ ಬದುಕುವ ಜನ ತಮ್ಮದೇ ತಜ್ಞರನ್ನು ಇಟ್ಟುಕೊಂಡು ವರದಿ ಓದಿಸಿಕೊಳ್ಳಲಿ ಎಂದು 50,000 ಡಾಲರ್‌ವರೆಗಿನ ಅನುದಾನ ಇಟ್ಟರು. 1994ರಲ್ಲಿ ಅಲ್ಲಿನ ಅಧ್ಯಕ್ಷರಾಗಿದ್ದ ಕ್ಲಿಂಟನ್ ಪರಿಸರ ನ್ಯಾಯಕ್ಕಾಗಿ ಆದೇಶ ಹೊರಡಿಸಿದರು. 2025ರ ಜನವರಿಯಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು, ಅದೇ ವರ್ಷ ಸಮುದಾಯ ಸಂಘಟನೆಗಳಿಗೆ ಮಂಜೂರಾಗಿದ್ದ ನೂರಾರು ಅನುದಾನಗಳೂ ನಿಂತುಹೋದವು. ಪೋರ್ಟ್‌ಲ್ಯಾಂಡ್ ಎಂಬ ಅಲ್ಲಿನದೇ ನಗರದ ದಾರಿ ಬೇರೆ. 2018ರ ನವೆಂಬರಿನಲ್ಲಿ ಅಲ್ಲಿನ ಮತದಾರರೇ, ದೇಶದಾದ್ಯಂತ ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮೀರಿ ವ್ಯಾಪಾರ ಮಾಡುವ ದೊಡ್ಡ ಮಳಿಗೆಗಳು ತಮ್ಮ ನಗರದಲ್ಲಿ ಮಾಡುವ ವಹಿವಾಟಿನ ಮೇಲೆ ಶೇಕಡ 1ರಷ್ಟು ಶುಲ್ಕ ಹಾಕಿ, ಶುದ್ಧ ಇಂಧನದ ಕೆಲಸಗಳಿಗೆಂದು ಎತ್ತಿದ ಆ ನಿಧಿಯಲ್ಲಿ ಬಡವರಿಗೆ ಮತ್ತು ಬಿಳಿಯರಲ್ಲದ ಸಮುದಾಯಗಳಿಗೆ ಆದ್ಯತೆ ಕೊಡಬೇಕೆಂದು ತೀರ್ಮಾನಿಸಿದರು. ರಾಜಧಾನಿಯಿಂದ ಬಂದ ಹಣವನ್ನು ರಾಜಧಾನಿ ಹಿಂದಕ್ಕೆ ಎಳೆದುಕೊಳ್ಳಬಲ್ಲದು. ಊರಿನ ತೆರಿಗೆಯಿಂದ ಎತ್ತಿ, ಊರಿನವರೇ ಮತ ಹಾಕಿ ಇಟ್ಟ ಹಣವನ್ನು ಹಾಗೆ ಕಸಿಯುವುದು ಕಷ್ಟ. ಪಂಚಾಯಿತಿಯ ಬಜೆಟ್ಟಿನಲ್ಲಿಯೇ ಈ ಬಾಬತ್ತು ಇರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ನಮ್ಮ ಕಾನೂನಿನಲ್ಲಿ ಇದಕ್ಕೆ ಜಾಗವಿದೆಯೇ? ಸಂವಿಧಾನದ ಹನ್ನೆರಡನೇ ಅನುಸೂಚಿಯ 18 ವಿಷಯಗಳಲ್ಲಿ ಪರಿಸರ ರಕ್ಷಣೆ ಹೆಸರಿಟ್ಟೇ ಇದೆ, ಹಾಗಾಗಿ ಕಾರವಾರದ ನಗರಸಭೆಗೆ ಪ್ರಶ್ನೆಯೇ ಇಲ್ಲ. ಗ್ರಾಮ ಪಂಚಾಯಿತಿಗಳ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಆ ಪದವೇ ಇಲ್ಲ. ಆದರೆ ಮೀನುಗಾರಿಕೆ ಇದೆ, ಸಾಮಾಜಿಕ ಅರಣ್ಯ ಇದೆ, ಕಿರು ಅರಣ್ಯ ಉತ್ಪನ್ನ ಇದೆ, ನೀರಿನ ನಿರ್ವಹಣೆ ಇದೆ. ಮಾಣಿಕಟ್ಟದ ಉಪ್ಪುನೀರಿನ ಗದ್ದೆಯಾದ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ, ಶಿರಸಿಯ ಬೆಟ್ಟದಿಂದ ಸೊಪ್ಪು ತರುವವರಿಗೂ ಪರಿಸರವೆಂದರೆ ಇವೇ ತಾನೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ 40ನ್ನು ಸಂಬಳ ಮತ್ತು ಕಚೇರಿ ಖರ್ಚು ಬಿಟ್ಟು ಊರಿನ ಅಗತ್ಯಕ್ಕೆ ಬಳಸಬಹುದಿತ್ತು. ಇದಲ್ಲದೆ ಮನೆ ತೆರಿಗೆಯ ಸ್ವಂತ ವರಮಾನವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಸ್ಥಳೀಯ ಜೀವವೈವಿಧ್ಯ ನಿಧಿ ಇರಬೇಕು.

ಆ ಸಮಿತಿಗಳಿಗೆ ಏನಾಯಿತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಊರಿನವರ ತಿಳಿವಳಿಕೆಯನ್ನೇ ದಾಖಲಿಸುವ ಜನತಾ ಜೀವವೈವಿಧ್ಯ ದಾಖಲಾತಿ ಅವುಗಳ ಮುಖ್ಯ ಕೆಲಸ. ವರ್ಷಗಟ್ಟಲೆ ಅದು ನಡೆಯಲಿಲ್ಲ. 2020ರ ಜನವರಿ 31ರೊಳಗೆ ಮುಗಿಸಿ, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ಎಲ್ಲ ಕಡೆ ಓಡಾಟ ಶುರುವಾಯಿತು. ನಾನು ಕಣ್ಣಾರೆ ನೋಡಿದ ಒಂದು ದಾಖಲಾತಿಯಲ್ಲಿ ಬಳಚು, ಕಲುವ ಎಂಬ ಚಿಪ್ಪುಮೀನುಗಳ ಹೆಸರುಗಳೇ ಇರಲಿಲ್ಲ. ಯಾವ ಊರಿಗೂ ಹೊಂದುವಂಥ ಮರಗಳ ಪಟ್ಟಿಯೊಂದಿತ್ತು. ಹಣವೇ ಇಲ್ಲದೆ ಸಮಿತಿ ಮಾಡಿದರೆ ಹೀಗಾಗುತ್ತದೆ, ಜನರನ್ನು ಬಿಟ್ಟು ಹಣ ಖರ್ಚು ಮಾಡಿದರೂ ಹೀಗೇ ಆಗುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. ಆ ಅಳಿವೆಯ ಯಾವ ದಿಬ್ಬದಲ್ಲಿ ಏನು ಬೆಳೆಯುತ್ತದೆಂದು ಬಲ್ಲವರ ಮಾತು ಇನ್ನೂ ದಾಖಲೆಗೆ ಬರಬೇಕಿದೆ.

ಪ್ರತಿಭಟನೆ ಮಾಡುವವರಿಗೆ ಪಂಚಾಯಿತಿ ದುಡ್ಡು ಕೊಡಬೇಕೇ ಎಂದು ಸದಸ್ಯರೊಬ್ಬರು ನನ್ನನ್ನು ಕೇಳಿದರು. ಸಭೆಗೆ ಬಂದ ಯಾರಿಗಾದರೂ ಕೊಡಿ, ಯೋಜನೆ ಬೇಕು ಎನ್ನುವವರಿಗೂ ಕೊಡಿ ಎಂದೆ. ಅಭಿಪ್ರಾಯಕ್ಕೆ ಬೆಲೆ ಕಟ್ಟುವ ಮಾತಲ್ಲ ಇದು, ಕಳೆದುಕೊಂಡ ದಿನವನ್ನು ತುಂಬಿಕೊಡುವ ಮಾತು. ಆ ಹಣವನ್ನು ಕಂಪನಿಯಿಂದ ಮಾತ್ರ ಪಡೆಯಬಾರದು. ಅದರ ಊಟ ಉಂಡು ಅದರ ವಿರುದ್ಧ ಮಾತನಾಡುವ ಮುಜುಗರ ನಮ್ಮ ಜನಕ್ಕೆ ಬೇಡ. ಮೊದಲೇ ಕೇಳಿಸಿಕೊಳ್ಳದಿದ್ದರೆ ಮುಂದಿನ ದಾರಿ ಇನ್ನೂ ದುಬಾರಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ವಿರುದ್ಧ ಕಾರವಾರದ ಮೀನುಗಾರರು ದೋಣಿ ಕಟ್ಟಿಟ್ಟು ಬೀದಿಗಿಳಿಯಬೇಕಾಯಿತು, ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಹಸಿರು ನ್ಯಾಯಮಂಡಳಿಗೆ ಹೋಗಬೇಕೆಂದರೆ ನಮ್ಮ ಪೀಠ ಇರುವುದು ಚೆನ್ನೈಯಲ್ಲಿ, ಅನುಮತಿಯನ್ನು ಪ್ರಶ್ನಿಸಲು ಇರುವ ಅವಧಿ 30 ದಿನ, ಹೆಚ್ಚೆಂದರೆ ಮತ್ತೆ 60.

ಮುಂದಿನ ವಾರ್ಡ್ ಸಭೆಗೆ ಅರ್ಜಿ ಬರೆದಿಟ್ಟಿದ್ದೇನೆ. ಮುಂದಿನ ವರ್ಷದ ಬಜೆಟ್ಟಿನಲ್ಲಿ ಅಹವಾಲು ಸಭೆ ಮತ್ತು ಜೀವವೈವಿಧ್ಯ ದಾಖಲಾತಿಗಾಗಿ 50,000 ರೂಪಾಯಿಯ ಪ್ರತ್ಯೇಕ ಬಾಬತ್ತು ಇಡಬೇಕು, ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು, ಯಾವುದೇ ಸಭೆಯ ದಿನಾಂಕವನ್ನು ಇಳಿತದ ಹೊತ್ತು ಕೇಳಿಯೇ ಗೊತ್ತುಮಾಡಬೇಕೆಂದು ಸಂಬಂಧಪಟ್ಟವರಿಗೆ ಪಂಚಾಯಿತಿ ಠರಾವು ಕಳಿಸಬೇಕು ಎಂದು ಕೇಳಿದ್ದೇನೆ. ಮೊದಲ ಸಹಿ, ಮರಿ ಬಳಚಿನ ದಿಬ್ಬದ ಬಗ್ಗೆ ಕೇಳಿದ ಆ ಹೆಂಗಸಿನದು. ವಾರ್ಡ್ ಸಭೆಯ ದಿನ ಇಳಿತ ಎಷ್ಟು ಹೊತ್ತಿಗೆ ಎಂದು ಅವರೇ ಲೆಕ್ಕ ಹಾಕಿ ಹೇಳಿದ್ದಾರೆ. ಮಧ್ಯಾಹ್ನ ಮೂರರ ಮೇಲೆ ಸಭೆ ಇಟ್ಟರೆ ಕೇರಿಯವರೆಲ್ಲ ಬರಬಹುದಂತೆ.